ಲ್ಯಾಟೆಕ್ಸ್ ಟ್ಯೂಬ್: ದಿನಾ ಗಾಳಿ ಹೊಡೆಯಲು ಬೇಸರವಿಲ್ಲದವರಿಗೆ

ಲ್ಯಾಟೆಕ್ಸ್ ಟ್ಯೂಬ್ ಅಂದ ಕೂಡಲೇ ಎಲ್ಲರೂ ಹೇಳುವ ದೂರು, ಅದರಲ್ಲಿ ಗಾಳಿ ನಿಲ್ಲುವುದಿಲ್ಲ ಎಂದು. ದೂರು ನಿಜ. ನನ್ನ ರೋಡ್ ಬೈಕಿನ 28 ಮಿ.ಮೀ. ಟೈರಿಗೆ ಬೆಳಿಗ್ಗೆ 75 ಪಿಎಸ್‌ಐ ತುಂಬಿಸಿದರೆ ಮರುದಿನ ಬೆಳಿಗ್ಗೆ 60ರ ಆಸುಪಾಸಿನಲ್ಲಿರುತ್ತದೆ. ಮೂರ್ನಾಲ್ಕು ದಿನ ಊರಿಗೆ ಹೋಗಿ ಬಂದರೆ ಹೆಬ್ಬೆರಳು ಒಳಕ್ಕೆ ಹೋಗುವಷ್ಟು ಮೆತ್ತಗಾಗಿರುತ್ತದೆ. ಮೈಸೂರಿನ ಸುತ್ತಮುತ್ತ ಮೂರು ವರ್ಷಕ್ಕೂ ಹೆಚ್ಚು ಕಾಲ ಇವನ್ನೇ ಓಡಿಸಿದ ಮೇಲೂ ನನಗೆ ಈ ಸೋರಿಕೆ ದೊಡ್ಡ ತೊಂದರೆ ಅನ್ನಿಸಿಲ್ಲ. ಬಾಗಿಲ ಪಕ್ಕ ಮೀಟರ್ ಇರುವ ಫ್ಲೋರ್ ಪಂಪ್ ನಿಂತಿದೆ, ಶೂ ಹಾಕಿಕೊಳ್ಳುವ ಮೊದಲು ಎರಡೂ ಚಕ್ರಕ್ಕೆ ಪಂಪ್ ಹೊಡೆಯುತ್ತೇನೆ, ಮುಗಿಯಿತು. ನಿಜವಾಗಿ ತಲೆ ತಿಂದದ್ದು ಟ್ಯೂಬಿನ ಸುತ್ತ ಇರುವ ವಸ್ತುಗಳು: ರಿಮ್ಮಿನ ಒಳಮೈಗೆ ಸುತ್ತುವ ರಿಮ್ ಟೇಪು, ವಾಲ್ವಿನ ಬುಡ, ದಾರಿ ಮಧ್ಯದ ರಿಪೇರಿ.

ಗಾಳಿ ಸೋರುವುದು ತಯಾರಿಕೆಯ ದೋಷದಿಂದಲ್ಲ. ಟ್ಯೂಬ್ ಮರದ ಹಾಲಿನಿಂದಾದ ಸಹಜ ರಬ್ಬರಿನದು. ಅದರ ಗೋಡೆಯ ಮೂಲಕವೇ ಗಾಳಿ ಮೆಲ್ಲಗೆ ನುಸುಳಿಹೋಗುತ್ತದೆ. ಒತ್ತಡ ಹೆಚ್ಚಿದಷ್ಟೂ ಬೇಗ ಹೋಗುತ್ತದೆ. ನಾವು ಸಾಮಾನ್ಯವಾಗಿ ಬಳಸುವ ಕಪ್ಪು ಟ್ಯೂಬ್ ಬ್ಯುಟೈಲ್ ರಬ್ಬರಿನದು. ಪೆಟ್ರೋಲಿಯಂ ಮೂಲದ ಐಸೊಬ್ಯುಟಿಲೀನಿಗೆ ಚೂರು ಐಸೊಪ್ರೀನ್ ಬೆರೆಸಿ 1937ರಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ವಿಲಿಯಂ ಸ್ಪಾರ್ಕ್ಸ್ ಮತ್ತು ರಾಬರ್ಟ್ ಥಾಮಸ್ ಅದನ್ನು ಕಂಡುಹಿಡಿದರು. ಗಾಳಿ ಹಿಡಿದಿಡುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಅದಕ್ಕೂ ಮುಂಚಿನ ಸೈಕಲ್ ಟ್ಯೂಬುಗಳೆಲ್ಲ ಮರದ ರಬ್ಬರಿನವೇ, ಹಾಗಾಗಿ ಲ್ಯಾಟೆಕ್ಸ್ ಹೊಸ ತಂತ್ರಜ್ಞಾನವೇನೂ ಅಲ್ಲ.

ಬೆಲೆಯ ಮಾತು ಬಂದರೆ ನನಗೆ ಮಾವನ ಮುಖ ನೆನಪಾಗುತ್ತದೆ. ನಮ್ಮದು ಸುಳ್ಯದ ಕಡೆ, ಮನೆಯ ಸುತ್ತ ರಬ್ಬರ್ ತೋಟಗಳು. ಟ್ಯೂಬನ್ನು ಕೈಯಲ್ಲಿ ಹಿಡಿದು ಎಳೆದು ನೋಡಿ ಅವರು ಕೇಳಿದ್ದು: "ಒಂದು ಕಿಲೋ ಶೀಟಿಗೆ ಇನ್ನೂರು ಸಿಕ್ಕಿದ್ರೆ ನಮ್ಮ ಪುಣ್ಯ. ನೀನು ನೂರು ಗ್ರಾಂ ಕೂಡ ಇಲ್ಲದ್ದಕ್ಕೆ ಸಾವಿರದ ಮೇಲೆ ಕೊಟ್ಟೆಯಾ ಮಾರಾಯ?" ಕೊಟ್ಟದ್ದು ಹೌದು. ಒಳ್ಳೆಯ ಬ್ಯುಟೈಲ್ ಟ್ಯೂಬಿನ ಮೂರ್ನಾಲ್ಕು ಪಟ್ಟು ಬೆಲೆ. ವಿಟ್ಟೋರಿಯಾ, ಮಿಶೆಲಿನ್‌ನಂಥ ಕಂಪನಿಗಳು ಮಾಡುತ್ತವೆ, ನಮ್ಮ ಅಂಗಡಿಗಳಲ್ಲಿ ಸದಾ ಸಿಗುವುದಿಲ್ಲ. ಸಿಕ್ಕಾಗ ಒಂದು ಹೆಚ್ಚಿಗೆ ತೆಗೆದಿಟ್ಟುಕೊಳ್ಳುವುದು ವಾಸಿ.

ಅಷ್ಟು ಕೊಟ್ಟು ಸಿಗುವುದೇನು? ಚಕ್ರ ಉರುಳುವಾಗ ಟೈರೂ ಟ್ಯೂಬೂ ನೆಲಕ್ಕೆ ತಾಗಿದ ಕಡೆ ಅದುಮಿಕೊಂಡು ಮತ್ತೆ ಮೊದಲಿನ ಆಕಾರಕ್ಕೆ ಬರುತ್ತಲೇ ಇರುತ್ತವೆ. ಹಾಗೆ ಅದುಮಲು ಹೋದ ಶಕ್ತಿಯಲ್ಲಿ ಒಂದು ಪಾಲು ವಾಪಸ್ ಬರದೆ ಶಾಖವಾಗಿ ಕಳೆದುಹೋಗುತ್ತದೆ. ಬ್ಯುಟೈಲಿನಲ್ಲಿ ಆ ಪಾಲು ಹೆಚ್ಚು, ಲ್ಯಾಟೆಕ್ಸಿನಲ್ಲಿ ಕಡಿಮೆ. ತಿರುಗುವ ಡ್ರಮ್ಮಿನ ಮೇಲೆ ಚಕ್ರ ಓಡಿಸಿ ಮಾಡುವ ಪರೀಕ್ಷೆಗಳಲ್ಲಿ 30 ಕಿ.ಮೀ. ವೇಗದ ಹತ್ತಿರ ಒಂದು ಚಕ್ರಕ್ಕೆ ಎರಡು-ಮೂರು ವ್ಯಾಟ್ ಉಳಿತಾಯ ಕಾಣುತ್ತದೆ. ಎರಡೂ ಚಕ್ರ ಸೇರಿ ಐದು ವ್ಯಾಟ್ ಅಂದುಕೊಳ್ಳಿ. ಗಂಟೆಗೆ 30 ಕಿ.ಮೀ. ಹೋಗಲು 200 ವ್ಯಾಟ್ ತುಳಿಯುವವನಿಗೆ 40 ಕಿ.ಮೀ. ದಾರಿಯಲ್ಲಿ ಇದರಿಂದ ಒಂದು ನಿಮಿಷವೂ ಉಳಿಯುವುದಿಲ್ಲ. ಒಬ್ಬೊಬ್ಬರೇ ಗಡಿಯಾರದ ಜೊತೆ ಪೈಪೋಟಿ ಮಾಡುವ ಟೈಮ್ ಟ್ರಯಲ್ ಓಡುವವರಿಗೆ ಅದು ದೊಡ್ಡದೇ. ನನಗೆ, ಶ್ರೀರಂಗಪಟ್ಟಣದ ತನಕ ಹೋಗಿ ಇಡ್ಲಿ ತಿಂದು ಬರುವವನಿಗೆ, ಆ ನಿಮಿಷದಿಂದ ಏನಾಗಬೇಕು?

ಆದರೂ ನಾನು ಬಿಡದೆ ಬಳಸುವುದು ಕೂತಾಗ ಸಿಗುವ ಸುಖಕ್ಕೆ. ಬನ್ನೂರು ರಸ್ತೆಯಲ್ಲಿ ಜಲ್ಲಿ ಎದ್ದುನಿಂತ ಒರಟು ಡಾಂಬರಿನ ಮೇಲೆ ಹ್ಯಾಂಡಲಿಗೆ ಬರುವ ಸಣ್ಣ ಕಂಪನ ಸ್ಪಷ್ಟವಾಗಿ ಕಡಿಮೆ. ದೊಡ್ಡ ಗುಂಡಿಗೆ ಇದೇನೂ ಮಾಡದು. ಅಂಗೈ ಜೋಮು ಹಿಡಿಸುವ ಆ ಸಣ್ಣ ನಡುಕ ಮಾತ್ರ ತಗ್ಗುತ್ತದೆ. ಒಂದು ಷರತ್ತು: ಟೈರೂ ತೆಳುವಾಗಿ ಮೆತ್ತಗಿರಬೇಕು. ಪಂಕ್ಚರ್ ಆಗಬಾರದೆಂದು ದಪ್ಪ ಪಟ್ಟಿ ಕೂರಿಸಿದ ಗಡುಸು ಟೈರಿನೊಳಗೆ ಲ್ಯಾಟೆಕ್ಸ್ ಹಾಕಿಸಿಕೊಂಡ ಗೆಳೆಯರೊಬ್ಬರು ವ್ಯತ್ಯಾಸವೇ ಗೊತ್ತಾಗಲಿಲ್ಲ ಅಂದರು. ಗೊತ್ತಾಗುವುದೂ ಇಲ್ಲ. ದುಡ್ಡು ಒಂದಕ್ಕೇ ಇದ್ದರೆ ಮೊದಲು ಟೈರಿಗೆ ಹಾಕಿ.

ಈಗ ಕೂರಿಸುವ ಕೆಲಸ. ಬ್ಯುಟೈಲ್ ಕೂರಿಸಿದ ಹಾಗೆ ಇದನ್ನು ಕೂರಿಸಲು ಆಗದು. ಹೊರಗೆ ಸ್ವಲ್ಪ ಗಾಳಿ ತುಂಬಿದರೂ ಸಾಕು, ಕಪ್ಪೆ ನುಂಗಿದ ಕೇರೆಹಾವಿನ ಹಾಗೆ ಒಂದೇ ಕಡೆ ಉಬ್ಬಿಕೊಳ್ಳುತ್ತದೆ. ಆಕಾರ ಬರುವಷ್ಟು ಮಾತ್ರ ಊದಿ, ಮೈಗೆಲ್ಲ ಪೌಡರ್ ಸವರಿ, ಟೈರಿನೊಳಗೆ ಸುಕ್ಕಿಲ್ಲದಂತೆ ಇಡಬೇಕು. ಟೈರಿನ ಅಂಚನ್ನು ಕೈಯಲ್ಲೇ ಹತ್ತಿಸಬೇಕು. ಟೈರ್ ಎಬ್ಬಿಸುವ ಲಿವರ್ ಹಾಕಿದರೆ ಕಚ್ಚಿಕೊಂಡು ಹರಿಯುತ್ತದೆ. ಹತ್ತಿಸಿದ ಮೇಲೆ ಟೈರನ್ನು ಎರಡೂ ಬದಿಯಿಂದ ಸುತ್ತಲೂ ಒತ್ತಿ ನೋಡಿ. ಅಂಚಿನಡಿ ಟ್ಯೂಬ್ ಇಣುಕುತ್ತಿದ್ದರೆ 60 ಪಿಎಸ್‌ಐ ದಾಟುವಷ್ಟರಲ್ಲಿ ಪಟಾಕಿ ಗ್ಯಾರಂಟಿ, ಮನೆಯವರೆಲ್ಲ ಎದ್ದು ಬರುತ್ತಾರೆ.

ರಿಮ್ ಟೇಪಿನ ವಿಷಯ ಇನ್ನೂ ಮುಖ್ಯ. ಲ್ಯಾಟೆಕ್ಸ್ ಸಿಕ್ಕ ಸಂದಿಗೆಲ್ಲ ಹಿಗ್ಗಿ ನುಗ್ಗುತ್ತದೆ. ಟೇಪ್ ಕಡ್ಡಿಯ ತೂತನ್ನು ಮುಚ್ಚಿದ್ದರೆ ಸಾಲದು, ರಿಮ್ಮಿನ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಬಿಗಿಯಾಗಿ ಕೂತಿರಬೇಕು. ಸೈಕಲ್ ಜೊತೆ ಬರುವ ಸಡಿಲ ರಬ್ಬರ್ ಪಟ್ಟಿ ಇದಕ್ಕೆ ಆಗಿಬರುವುದಿಲ್ಲ; ಪಕ್ಕಕ್ಕೆ ಸರಿಯುತ್ತದೆ, ಆ ತೂತಿನ ಅಂಚಿಗೆ ಟ್ಯೂಬ್ ತಾಗಿ ಸೀಳುತ್ತದೆ. ಬಟ್ಟೆಯ ಟೇಪು, ಇಲ್ಲವೇ ಟ್ಯೂಬ್‌ಲೆಸ್ ಟೇಪನ್ನು ಎರಡು ಸುತ್ತು ಹಾಕಿದರೆ ಸರಿ. ವಾಲ್ವಿನ ತೂತಿನ ಅಂಚನ್ನು ಉಜ್ಜುಕಾಗದದಿಂದ ನಯ ಮಾಡಿ, ವಾಲ್ವಿನ ನಟ್ಟನ್ನು ಬೆರಳಿನಲ್ಲಿ ತಿರುಗಿಸಿದಷ್ಟಕ್ಕೇ ಬಿಡಿ. ನನ್ನ ಮೊದಲ ಜೊತೆಯಲ್ಲಿ ಒಂದು ಟ್ಯೂಬ್ ವಾಲ್ವಿನ ಬುಡದಲ್ಲೇ ಬಾಯಿ ಬಿಟ್ಟಿತು, ಅಲ್ಲಿ ಅಂಟು ಸರಿಯಾಗಿ ಹಿಡಿದಿರಲಿಲ್ಲ. ಬೇರೆ ಕಂಪನಿಯದು ಆಮೇಲೆ ಹಾಗೆ ಮಾಡಿಲ್ಲ. ಕೊಳ್ಳುವಾಗ ಬುಡವನ್ನು ಬಗ್ಗಿಸಿ ನೋಡಿಯೇ ತೆಗೆದುಕೊಳ್ಳಿ.

ಮುಳ್ಳು ಬಂದಾಗ ಲ್ಯಾಟೆಕ್ಸ್ ಹರಿಯದೆ ಹಿಗ್ಗಿಕೊಳ್ಳುತ್ತದೆ, ಆದ್ದರಿಂದ ಪಂಕ್ಚರ್ ಕಡಿಮೆ ಎಂದು ಮಾರುವವರು ಹೇಳುತ್ತಾರೆ. ಗುಂಡಿಗೆ ಬಿದ್ದು ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಜಜ್ಜಿಹೋಗುವ ಪಂಕ್ಚರ್ ಕಡಿಮೆಯಾದದ್ದು ನನ್ನ ಅನುಭವಕ್ಕೂ ಬಂದಿದೆ. ಆದರೆ ನೆಗ್ಗಿಲು ಮುಳ್ಳಿಗೆ, ಲಾರಿ ಟೈರು ಒಡೆದಾಗ ರಸ್ತೆಗೆ ಉದುರುವ ಕೂದಲೆಳೆಯ ತಂತಿಗೆ ಯಾವ ಟ್ಯೂಬೂ ಒಂದೇ. ಸುಗ್ಗಿಯ ದಿನಗಳಲ್ಲಿ ಟಿ. ನರಸೀಪುರದ ಕಡೆ ಹುರುಳಿ ಒಕ್ಕಣೆಗೆ ರಸ್ತೆಯ ಉದ್ದಕ್ಕೂ ಸೊಪ್ಪು ಹಾಸಿರುತ್ತಾರಲ್ಲ, ಅದರಡಿ ಏನಿದೆ ಅಂತ ಟೈರಿಗೂ ಗೊತ್ತಾಗುವುದಿಲ್ಲ, ನಮಗೂ ಇಲ್ಲ. ಇಳಿದು ತಳ್ಳಿಕೊಂಡು ಹೋಗುವುದೇ ಲೇಸು. ಸೊಪ್ಪಿನ ಕಡ್ಡಿ ಗಿಯರ್ ಬದಲಿಸುವ ಡಿರೇಲರಿಗೆ ಸಿಕ್ಕಿಕೊಂಡರೆ ಪಂಕ್ಚರ್‌ಗಿಂತ ದೊಡ್ಡ ಖರ್ಚು.

ತೂತಾದ ಲ್ಯಾಟೆಕ್ಸ್ ಟ್ಯೂಬನ್ನು ಪಂಕ್ಚರ್ ಅಂಗಡಿಗೆ ಒಯ್ಯಬೇಡಿ. ಅವರ ಕೈಚಳಕದ ಬಗ್ಗೆ ನನಗೆ ಗೌರವವಿದೆ, ಆದರೆ ಅಭ್ಯಾಸಬಲದಿಂದ ಅರ ತೆಗೆದು ಒಮ್ಮೆ ಉಜ್ಜಿದರೆ ಈ ತೆಳು ರಬ್ಬರ್ ಅಲ್ಲೇ ಕಿತ್ತುಬರುತ್ತದೆ. ಮನೆಯಲ್ಲೇ ಮಾಡುವುದು ಸುಲಭ: ಸತ್ತ ಲ್ಯಾಟೆಕ್ಸ್ ಟ್ಯೂಬಿನಿಂದ ದುಂಡಗೆ ಒಂದು ತುಂಡು ಕತ್ತರಿಸಿ, ಆ ತುಂಡಿಗೂ ಟ್ಯೂಬಿಗೂ ಸೊಲ್ಯೂಷನ್ ತೆಳ್ಳಗೆ ಸವರಿ, ಒಣಗಲು ಬಿಟ್ಟು ಒತ್ತಿ. ತೇಪೆಯೂ ಟ್ಯೂಬಿನ ಜೊತೆಗೇ ಹಿಗ್ಗುತ್ತದೆ. ರಸ್ತೆಯಲ್ಲಿ ಆದರೆ ಸುಮ್ಮನೆ ಬ್ಯುಟೈಲ್ ಹಾಕಿಕೊಂಡು ಮನೆಗೆ ಬನ್ನಿ. ನನ್ನ ಸೀಟಿನ ಕೆಳಗಿನ ಚೀಲದಲ್ಲಿ ಯಾವಾಗಲೂ ಬ್ಯುಟೈಲೇ ಇರುತ್ತದೆ. ಲ್ಯಾಟೆಕ್ಸಿಗೆ ಕಾರ್ಬನ್ ಡೈಆಕ್ಸೈಡ್ ಕಾರ್ಟ್ರಿಜ್ ಹೊಡೆದರೆ ಮನೆ ಮುಟ್ಟುವುದೂ ಅನುಮಾನ. ಆ ಅನಿಲ ಸಹಜ ರಬ್ಬರಿನ ಮೂಲಕ ಮಾಮೂಲಿ ಗಾಳಿಗಿಂತ ಹಲವು ಪಟ್ಟು ಬೇಗ ಸೋರುತ್ತದೆ. ಕೈಪಂಪ್ ಇಟ್ಟುಕೊಳ್ಳಿ.

ಒಂದು ಎಚ್ಚರಿಕೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಾರ್ಬನ್ ರಿಮ್, ಅದರ ಮೇಲೆ ರಿಮ್ ಬ್ರೇಕ್ ಇರುವ ಸೈಕಲ್ಲಿಗೆ ಲ್ಯಾಟೆಕ್ಸ್ ಹಾಕಬಾರದು. ಚಾಮುಂಡಿ ಬೆಟ್ಟ ಇಳಿಯುವಾಗ ಬ್ರೇಕ್ ಹಿಡಿದೇ ಬಂದರೆ ರಿಮ್ ಕಾಯುತ್ತದೆ, ಕಾರ್ಬನ್ ಆ ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ, ಟ್ಯೂಬ್ ಇಳಿಜಾರಿನಲ್ಲೇ ಒಡೆಯಬಹುದು. ಅನೇಕ ಚಕ್ರ ತಯಾರಕರು ತಮ್ಮ ಕೈಪಿಡಿಯಲ್ಲೇ ಇದನ್ನು ಬೇಡ ಎನ್ನುತ್ತಾರೆ. ಡಿಸ್ಕ್ ಬ್ರೇಕಿನಲ್ಲಿ ಶಾಖ ರಿಮ್ಮಿಗೆ ಬರುವುದಿಲ್ಲ, ಆ ಚಿಂತೆಯಿಲ್ಲ. ಬಿಸಿಲು, ಎಣ್ಣೆ ಎರಡೂ ಈ ರಬ್ಬರಿಗೆ ಶತ್ರು; ಉಳಿಕೆ ಟ್ಯೂಬನ್ನು ಪೌಡರ್ ಹಾಕಿ ಕತ್ತಲಲ್ಲಿಡಿ, ಚೈನ್ ಎಣ್ಣೆಯ ಕೈಯಲ್ಲಿ ಮುಟ್ಟಬೇಡಿ.

ಬ್ರೆವೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ, ಓಡಿಸುವವರಿಗೆ ನನ್ನ ಸಲಹೆ ಬೇರೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಸಮಯ, ಅಲ್ಲಿಗೆ ಲ್ಯಾಟೆಕ್ಸ್ ನಡೆಯುತ್ತದೆ. 300ಕ್ಕೆ 20 ಗಂಟೆ, 600ಕ್ಕೆ 40 ಗಂಟೆ. ರಾತ್ರಿ ಎರಡಕ್ಕೆ, ನಿದ್ದೆ ಎಳೆಯುವ ಹೊತ್ತಿನಲ್ಲಿ, ಪೆಟ್ರೋಲ್ ಬಂಕಿನ ಬೆಳಕಿನಲ್ಲಿ ಕೈಪಂಪ್ ಹಿಡಿದು ನೂರಾರು ಸಲ ಒತ್ತುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ. ಒತ್ತದೆ ಹೋದರೆ ಹಿಂದಿನ ಟೈರು ನೆಲ ಕಚ್ಚುತ್ತದೆ, ಉಳಿಸಿದ ಐದು ವ್ಯಾಟೂ ಅದರ ಮೇಲೆ ಇನ್ನಷ್ಟೂ ಹೋಗುತ್ತದೆ. ದಿನಾ ಆಫೀಸಿಗೆ ಸೈಕಲ್ ತೆಗೆದುಕೊಂಡು ಹೋಗುವವರಿಗೂ ಬೇಡ; ಅವಸರದ ಬೆಳಿಗ್ಗೆ ಪಂಪ್ ಹೊಡೆಯುವ ಕೆಲಸ ಮೊದಲ ವಾರದಲ್ಲೇ ಸಾಕಾಗುತ್ತದೆ.

ಇತ್ತೀಚೆಗೆ ಟಿಪಿಯು ಟ್ಯೂಬ್‌ಗಳು ಬಂದಿವೆ, ಪ್ಲಾಸ್ಟಿಕ್ಕಿನಂಥ ತೆಳು ಹಾಳೆಯವು. ತೂಕ 40 ಗ್ರಾಂ ಆಸುಪಾಸು, ಮಡಿಚಿದರೆ ಮುಷ್ಟಿಯಲ್ಲಿ ಅಡಗುತ್ತವೆ, ಗಾಳಿಯನ್ನು ಲ್ಯಾಟೆಕ್ಸಿಗಿಂತ ಚೆನ್ನಾಗಿ ಹಿಡಿಯುತ್ತವೆ. ಗುಡ್ಡ ಹತ್ತುವವರು ಅತ್ತ ವಾಲುವುದು ಸಹಜ. ನಾನೂ ಒಂದು ಜೊತೆ ಹಾಕಿ ನೋಡಿದೆ. ಓಟ ಚೆನ್ನಾಗಿದೆ, ಕೂತಾಗಿನ ಮೆದುತನ ಮಾತ್ರ ನನಗೆ ಸಿಗಲಿಲ್ಲ. ಒಮ್ಮೆ ಹಿಗ್ಗಿದರೆ ಮೊದಲಿನ ಗಾತ್ರಕ್ಕೆ ಬರುವುದಿಲ್ಲ, ತೇಪೆಗೂ ಬೇರೆ ಅಂಟೇ ಬೇಕು.

ಸದ್ಯ ಭಾನುವಾರದ ಸೈಕಲ್ಲಿಗೆ ಲ್ಯಾಟೆಕ್ಸ್, ಬ್ರೆವೆಗೂ ಮಾರ್ಕೆಟ್ಟಿಗೂ ಹೋಗುವ ಸೈಕಲ್ಲಿಗೆ ಬ್ಯುಟೈಲ್. ಟೈರು ಬದಲಿಸುವಾಗ ಟ್ಯೂಬ್ ಬದಲಿಸುವುದಿಲ್ಲ. ಅಂಟಂಟಾಗಿದೆಯಾ, ಬಿರುಕು ಬಿಟ್ಟಿದೆಯಾ ಎಂದು ನೋಡಿ, ಪೌಡರ್ ಸವರಿ ಅದನ್ನೇ ಮತ್ತೆ ಹಾಕುತ್ತೇನೆ. ಈಗಿರುವ ಜೊತೆ ಎರಡನೇ ಟೈರಿನಲ್ಲಿ ಓಡುತ್ತಿದೆ, ಹಿಂದಿನದರಲ್ಲಿ ಮೂರು ತೇಪೆ.