ಕಡಲೆಕಾಯಿಗೆ ಪೆಂಡಿಮೆಥಲಿನ್: ಹಸಿ ಇದ್ದರೆ ಮಾತ್ರ ಕೊಳ್ಳಿ

ಮಡಕಶಿರಾ, ರೊಳ್ಳ, ಅಮರಾಪುರದ ಕಡೆ ಕೆಂಪು ನೆಲದಲ್ಲಿ ಮಳೆ ನಂಬಿ ಕಡಲೆಕಾಯಿ ಬಿತ್ತುವವರು ಪೆಂಡಿಮೆಥಲಿನ್ ಶೇ 30 ಇಸಿ (ನೀರಲ್ಲಿ ಬೆರೆಸಿ ಹೊಡೆಯುವ ಕಳೆನಾಶಕ) ಡಬ್ಬಿ ಕೊಳ್ಳುವ ಮೊದಲು ನೆಲದ ಹಸಿ ನೋಡಿ. ಹಲವು ಹಂಗಾಮು ಬಳಸಿದ ಮೇಲಿನ ಮಾತಿದು. ಔಷಧಿ ಒಳ್ಳೆಯದೇ, ಆದರೆ ಒಣ ಮಣ್ಣಿನ ಮೇಲೆ ಬಿದ್ದರೆ ಬಿಸಿಲಿಗೆ ಆರಿಹೋಗುತ್ತದೆ. ಹಿಡಿ ಮಣ್ಣು ಅದುಮಿದರೆ ಉಂಡೆ ಕಟ್ಟಬೇಕು.

ಬಿತ್ತಿದ ದಿನ ಅಥವಾ ಮಾರನೆಯ ದಿನ ಹೊಡೆಯಿರಿ, ಮೂರು ದಿನ ದಾಟಿಸಬೇಡಿ. ಇದು ಮೊಳೆಯುತ್ತಿರುವ ಕಳೆಯ ಬೇರು ಕಟ್ಟಿಹಾಕುತ್ತದೆ, ಮೇಲೆದ್ದ ಕಳೆಗೆ ತಾಕುವುದಿಲ್ಲ. ಎಕರೆಗೆ 1.3 ಲೀಟರ್ ಔಷಧಿ, 200 ಲೀಟರ್ ನೀರು. 16 ಲೀಟರ್ ಪಂಪಾದರೆ 100 ಮಿಲಿಯಂತೆ 13 ಪಂಪು. ನೀರಿಗೆ ಜಿಪುಣತನ ಮಾಡಿ ಏಳೆಂಟು ಪಂಪಿಗೇ ಮುಗಿಸಿದ ಹೊಲದಲ್ಲಿ ಪಟ್ಟೆ ಪಟ್ಟೆಯಾಗಿ ಹುಲ್ಲು ಏಳುತ್ತದೆ. ಬೀಸಣಿಗೆಯಂತೆ ಚಪ್ಪಟೆಯಾಗಿ ಚಿಮ್ಮಿಸುವ ಫ್ಲಾಟ್ ಫ್ಯಾನ್ ನಾಜಲ್ ಹಾಕಿ, ಹೊಡೆದ ಜಾಗ ತುಳಿಯದಂತೆ ಹಿಂದಕ್ಕೆ ನಡೆಯಿರಿ. ಕೈಗವಸು ಬೇಕೇ ಬೇಕು, ಹಳದಿ ಕಲೆ ಸುಲಭಕ್ಕೆ ಹೋಗಲ್ಲ. ಬೀಜ ಐದು ಸೆಂಟಿಮೀಟರ್ ಆಳಕ್ಕೆ ಬಿದ್ದಿರಲಿ. ಮೇಲೆಮೇಲೆ ಬಿದ್ದ ಬೀಜದ ಬೇರು ಮೊಂಡಾಗುತ್ತದೆ.

ಗೋಣಿ ಸೊಪ್ಪು, ಬೀಜದಿಂದ ಹುಟ್ಟುವ ಹುಲ್ಲು ಚೆನ್ನಾಗಿ ಹತೋಟಿಗೆ ಬರುತ್ತವೆ. ಜೇಕು ಮಾತ್ರ ಬಗ್ಗುವುದಿಲ್ಲ. ಗಡ್ಡೆಯಿಂದ ಚಿಗುರುವ ಕಳೆಗೆ ಈ ಔಷಧಿಯಿಂದ ಆಸೆ ಇಟ್ಟುಕೊಳ್ಳಬೇಡಿ.

ಮಳೆ ಬಿಡದೆ ಹಿಡಿದು ಕುಂಟೆ ಹೊಡೆಯಲು ಆಗದಿದ್ದರೆ ಬಿತ್ತಿದ 20 ದಿನದ ಹೊತ್ತಿಗೆ ಎದ್ದ ಕಳೆಗೆ ಹೊಡೆಯುವ ಇಮಾಜೆಥಾಪೈರ್ ಶೇ 10, ಎಕರೆಗೆ 400 ಮಿಲಿ. ಕಳೆ ಎರಡರಿಂದ ನಾಲ್ಕು ಎಲೆಯಲ್ಲಿರಬೇಕು. ಅಣ್ಣೆ ಸೊಪ್ಪು ಗೇಣುದ್ದ ಆದಮೇಲೆ ಹೊಡೆದರೆ ಬಾಡಿದಂತೆ ಮಾಡಿ ಮತ್ತೆ ಚಿಗುರುತ್ತದೆ. ಬೆಳೆಯ ಎಲೆ ತುಸು ಹಳದಿಯಾಗುತ್ತದೆ, ಹದಿನೈದು ದಿನದೊಳಗೆ ಹಸಿರಾಗುತ್ತದೆ, ಗಾಬರಿ ಬೇಡ. ಅಕ್ಕಡಿ ಸಾಲಲ್ಲಿ (ನಡುನಡುವೆ ಬಿತ್ತಿದ ಬೇರೆ ಬೆಳೆಯ ಸಾಲು) ತೊಗರಿ ಇದ್ದರೆ ತೊಂದರೆಯಿಲ್ಲ, ಜೋಳ ಇದ್ದರೆ ಹೊಡೆಯಲೇಬೇಡಿ. ಇದರ ಶೇಷ ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ ಹಿಂದೆಯೇ ಜೋಳ ಬಿತ್ತುವ ಹೊಲಕ್ಕೂ ಬೇಡ. ಬರೀ ಹುಲ್ಲಾದರೆ ಕ್ವಿಜಾಲೊಫಾಪ್ ಈಥೈಲ್ ಶೇ 5, ಎಕರೆಗೆ 400 ಮಿಲಿ ಸಾಕು. ವಾರ ಬಿಟ್ಟು ಹುಲ್ಲಿನ ನಡುಸುಳಿ ಎಳೆದು ನೋಡಿ: ಬುಡ ಕಂದಾಗಿ, ಸುಳಿ ಸಲೀಸಾಗಿ ಕೈಗೆ ಬಂದರೆ ಔಷಧಿ ಹಿಡಿದಿದೆ.

ಏನು ಹೊಡೆದರೂ ಒಂದು ಎಡೆಕುಂಟೆ 35 ದಿನದೊಳಗೆ ಆಗಲಿ. ಹೂವಿನ ಸೂಜಿ (ತುದಿಯಲ್ಲಿ ಕಾಯಿ ಕಟ್ಟುವ ಎಳೆ) ಮಣ್ಣಿಗಿಳಿಯಲು ಶುರುವಾದ ಮೇಲೆ ಕುಂಟೆ ಆಡಿಸಿದರೆ ಕಾಯಿಯೇ ಕಡಿಮೆಯಾಗುತ್ತದೆ.

ಇನ್ನು ಪಂಪಿನ ವಿಷಯ. ರಾಗಿಗೆ 2,4-ಡಿ ಕಳೆನಾಶಕ ಹೊಡೆದ ಪಂಪನ್ನು ನೀರಲ್ಲಿ ಒಮ್ಮೆ ಮಾತ್ರ ಜಾಲಿಸಿ ತಂದರೆ ಕಡಲೆಕಾಯಿ ಗಿಡದ ಸುಳಿ ಸುರುಟಿಕೊಳ್ಳುತ್ತದೆ. ಕಡಲೆಕಾಯಿಗೆ ಬೇರೆ ಪಂಪೇ ಇಡಿ.