ಬಜಾರು, ಚೀಟಿ ಅಂಗಡಿ, ಸೂಪರ್‌ಮಾರ್ಕೆಟ್, ತಳ್ಳುಗಾಡಿ: ಲಾಕ್‌ಡೌನ್ ದಿನಗಳಲ್ಲಿ ಸಾಮಾನು ತಂದ ದಾರಿಗಳ ಹೋಲಿಕೆ

ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯಲ್ಲಿ ನಾಲ್ವರಿದ್ದೇವೆ: ನಾನು, ಯಜಮಾನರು, ಕಾಲೇಜಿಗೆ ಹೋಗುವ ಮಗಳು, ಮತ್ತು ಆಗ 74 ವರ್ಷವಾಗಿದ್ದ, ಸಕ್ಕರೆ ಕಾಯಿಲೆಯಿರುವ ಅತ್ತೆ. ಕೊರೊನಾ ತಡೆಗೆಂದು 2020ರ ಮಾರ್ಚ್ 25ರಂದು 21 ದಿನಗಳ ಮೊದಲ ಲಾಕ್‌ಡೌನ್ ಜಾರಿಯಾದಲ್ಲಿಂದ ಹಿಡಿದು 2021ರ ಜೂನ್‌ನಲ್ಲಿ ಎರಡನೆಯ ಅಲೆಯ ನಿರ್ಬಂಧಗಳು ಸಡಿಲವಾಗುವ ತನಕ ಮನೆಗೆ ದಿನಸಿ, ತರಕಾರಿ ತರುವ ಹೊಣೆ ಬಹುಮಟ್ಟಿಗೆ ನನ್ನ ಮೇಲಿತ್ತು. ಆ ಅವಧಿಯಲ್ಲಿ ನಾನು ನಾಲ್ಕು ದಾರಿಗಳನ್ನು ಬೇಕೆಂದೇ ಬದಲಿಸಿ ಬದಲಿಸಿ ನೋಡಿದೆ. ಐದನೆಯದೊಂದು ತಾನಾಗಿಯೇ ಒದಗಿ ಬಂತು. ಹೊರಗಿನಿಂದ ಬಂದದ್ದು ಅತ್ತೆಯವರ ಕೋಣೆಯನ್ನು ಮುಟ್ಟಬಾರದು ಎಂಬುದೊಂದೇ ಅಳತೆಗೋಲಾಗಿತ್ತು. ಬೆಲೆ, ರುಚಿ, ಅನುಕೂಲಗಳೆಲ್ಲ ಅದರ ನಂತರದ ಲೆಕ್ಕ.

ಆದರೆ ಆ ಅಳತೆಗೋಲನ್ನು ಹಿಡಿಯುವ ರೀತಿಯೇ ವರ್ಷದೊಳಗೆ ಬದಲಾಯಿತು. ಮೊದಲ ವರ್ಷ ಯಾವ ಸಾಮಾನನ್ನು ಕಂಡರೂ ಇದನ್ನು ಎಷ್ಟು ಜನ ಮುಟ್ಟಿರಬಹುದು ಎಂದು ಯೋಚಿಸುತ್ತಿದ್ದೆ. ವೈರಸ್ಸು ಪ್ರಯೋಗಾಲಯದಲ್ಲಿ ರಟ್ಟಿನ ಮೇಲೆ 24 ಗಂಟೆ, ಪ್ಲಾಸ್ಟಿಕ್ ಮತ್ತು ಸ್ಟೀಲಿನ ಮೇಲೆ 72 ಗಂಟೆಯವರೆಗೂ ಉಳಿಯಬಹುದೆಂಬ ಅಧ್ಯಯನ 2020ರ ಮಾರ್ಚ್‌ನಲ್ಲಿ ಪ್ರಕಟವಾಗಿ, ಆ ಎರಡು ಅಂಕಿಗಳು ಎಲ್ಲರ ಬಾಯಲ್ಲೂ ಇದ್ದವು. 2021ರ ಏಪ್ರಿಲ್ ಹೊತ್ತಿಗೆ ಚಿತ್ರ ಬೇರೆಯಾಯಿತು. ಸೋಂಕು ತಗುಲಿದ ಮೇಲ್ಮೈಯನ್ನು ಮುಟ್ಟಿ ರೋಗ ಬರುವ ಸಂಭವ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ ಹೇಳಿತು. ಗಾಳಿಯಾಡದ, ಜನ ಕಿಕ್ಕಿರಿದ ಜಾಗದ ಉಸಿರೇ ಮುಖ್ಯ ಅಪಾಯ ಎಂಬುದು ಗಟ್ಟಿಯಾಯಿತು. ಅಲ್ಲಿಂದ ಮುಂದೆ, ಈ ಸಾಮಾನಿಗಾಗಿ ಎಷ್ಟು ಜನರ ನಡುವೆ ಎಷ್ಟು ಹೊತ್ತು ನಿಲ್ಲಬೇಕು ಎಂದು ಲೆಕ್ಕ ಹಾಕತೊಡಗಿದೆ. ಹೀಗೆ ಲೆಕ್ಕ ಹಾಕಿದಾಗ ಮೊದಲ ವರ್ಷ ನಾನು ಕೊನೆಯ ಸ್ಥಾನ ಕೊಟ್ಟಿದ್ದ ತಳ್ಳುಗಾಡಿ ಮೇಲಕ್ಕೆ ಬಂತು, ಮೊದಲ ಸ್ಥಾನದ ಸೂಪರ್‌ಮಾರ್ಕೆಟ್ ಕೆಳಗಿಳಿಯಿತು.

ಗಾಂಧಿ ಬಜಾರ್ ನಮ್ಮ ಮನೆಯ ಹಳೆಯ ರೂಢಿ. ಬೇಳೆಯನ್ನು ಅಂಗೈಯಲ್ಲಿ ಹಿಡಿದು ನೋಡಿ, ಎರಡು ಅಂಗಡಿಯಲ್ಲಿ ದರ ಕೇಳಿ ತರುವ ಸುಖ ಬೇರೆ ಕಡೆ ಇಲ್ಲ. ಆದರೆ 2021ರ ಮೇ 10ರಿಂದ ಜಾರಿಗೆ ಬಂದ ರಾಜ್ಯದ ಆದೇಶದಂತೆ ದಿನಸಿ ಅಂಗಡಿಗಳಿಗೆ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅವಕಾಶವಿತ್ತು. ಜನದಟ್ಟಣೆ ತಪ್ಪಿಸಲೆಂದು ತಂದ ಈ ಸಮಯದ ಮಿತಿಯೇ, ದಿನವಿಡೀ ಹಂಚಿಹೋಗುತ್ತಿದ್ದ ಜನರನ್ನು ನಾಲ್ಕು ಗಂಟೆಯೊಳಗೆ ತಂದು ತುರುಕಿತು ಎಂಬುದು ಅಲ್ಲಿ ನಿಂತವರಿಗೆಲ್ಲ ಗೊತ್ತಾಗುತ್ತಿತ್ತು. ನಾನು ಮೂರು ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ನೋಡಿದೆ. ಆರೂ ಕಾಲಕ್ಕೆ ಹೋದಾಗ ಅಂಗಡಿಯ ಹುಡುಗರು ಇನ್ನೂ ಮೂಟೆ ಇಳಿಸುತ್ತಿದ್ದರು. ಕಾಯಬೇಕಾಯಿತಾದರೂ ಮುಂದೆ ಐದಾರು ಜನರಿಗಿಂತ ಹೆಚ್ಚಿರಲಿಲ್ಲ, ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಎಂಟು ಗಂಟೆಗೆ ಹೋದ ದಿನ ಸಾಲಿನಲ್ಲೇ ಮುಕ್ಕಾಲು ಗಂಟೆ ಕಳೆಯಿತು. ಒಂಬತ್ತೂ ಮುಕ್ಕಾಲಿಗೆ ಹೋದದ್ದು ಶುದ್ಧ ಮೂರ್ಖತನ: ಶಟರ್ ಅರ್ಧಕ್ಕೆ ಇಳಿದಿತ್ತು, ಪೊಲೀಸರ ಸೀಟಿ ಹತ್ತಿರವಾಗುತ್ತಿತ್ತು, ಉಪ್ಪು ಎಣ್ಣೆಗಾಗಿ ಜನ ಒಬ್ಬರ ಹೆಗಲ ಮೇಲಿಂದ ಇನ್ನೊಬ್ಬರು ಕೈ ಚಾಚುತ್ತಿದ್ದರು.

ಅಂಗಡಿಗಳ ಮುಂದೆ ಸುಣ್ಣದಲ್ಲಿ ಬರೆದ ವೃತ್ತಗಳನ್ನು ಇಲ್ಲಿ ನೆನೆಯಲೇಬೇಕು. ಒಂದೊಂದು ವೃತ್ತದಲ್ಲಿ ಒಬ್ಬೊಬ್ಬರು ನಿಲ್ಲಬೇಕೆಂಬುದು ನಿಯಮ. ಬಿಸಿಲೇರುತ್ತಿದ್ದಂತೆ ಜನ ತಮ್ಮ ಚೀಲವನ್ನೋ ಚಪ್ಪಲಿಯನ್ನೋ ವೃತ್ತದೊಳಗಿಟ್ಟು, ತಾವು ಎದುರಿನ ಅಂಗಡಿಯ ತಗಡಿನ ನೆರಳಿನಲ್ಲಿ ಒತ್ತಾಗಿ ನಿಂತು ಮಾತಾಡುತ್ತಿದ್ದರು. ಸಾಲಿನಲ್ಲಿ ಚಪ್ಪಲಿಗಳು ಮಾತ್ರ ಬಹಳ ಶಿಸ್ತಿನಿಂದ ಅಂತರ ಕಾಯ್ದುಕೊಂಡಿದ್ದವು. ಜೂನ್‌ನ ಮಳೆ ಆ ವೃತ್ತಗಳನ್ನು ತೊಳೆದುಹಾಕಿತು. ಆದರೆ ಅದೇ ಮಳೆ ಎಲ್ಲರ ಕೈಗೂ ಕೊಡೆ ಕೊಟ್ಟಿದ್ದರಿಂದ, ಸುಣ್ಣ ಮಾಡಲಾಗದ ಕೆಲಸವನ್ನು ಬಿಚ್ಚಿದ ಕೊಡೆಗಳ ಅಗಲ ಮಾಡಿತು. ಮಳೆಯಿಂದ ಒಂದು ತೊಂದರೆಯೂ ಆಯಿತು. ಒದ್ದೆಯಾದ ಮಾಸ್ಕ್‌ನಲ್ಲಿ ಉಸಿರಾಡುವುದೇ ಕಷ್ಟ, ಜನ ಅದನ್ನು ಗದ್ದಕ್ಕೆ ಇಳಿಸಿಬಿಡುತ್ತಾರೆ. ಒಣಗಿದ ಇನ್ನೊಂದು ಮಾಸ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕೈಚೀಲದಲ್ಲಿಡುವುದನ್ನು ನಾನು ಎರಡು ಸಲ ನೆನೆದ ಮೇಲೆ ಕಲಿತೆ.

ಎರಡನೆಯದು ನಮ್ಮ ರಸ್ತೆಯ ಮೂಲೆಯ ಕಿರಾಣಿ ಅಂಗಡಿ. ಇದನ್ನು ನಾನು ಚೀಟಿ ಅಂಗಡಿ ಎನ್ನುತ್ತೇನೆ, ಏಕೆಂದರೆ ಅಂಗಡಿಯವರು ಬಾಗಿಲಿಗೆ ಅಡ್ಡವಾಗಿ ಹಗ್ಗ ಕಟ್ಟಿ, ಯಾರನ್ನೂ ಒಳಗೆ ಬಿಡದೆ, ಹಿಂದಿನ ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ಚೀಟಿ ಕಳಿಸಿದವರಿಗೆ ಮಾತ್ರ ಬೆಳಿಗ್ಗೆ ಸಾಮಾನು ಕಟ್ಟಿಡುತ್ತಿದ್ದರು. ಹಗ್ಗದ ಈಚೆ ಒಂದು ಮೇಜು. ಅದರ ಮೇಲೆ ಹೆಸರು ಬರೆದ ಚೀಲ. ನಾನು ಹೋಗಿ ಚೀಲ ಎತ್ತಿಕೊಂಡು, ಫೋನಿನಲ್ಲೇ ಹಣ ಕಳಿಸಿ ಹಿಂದಿರುಗುವುದಕ್ಕೆ ಐದು ನಿಮಿಷ ಸಾಕಾಗುತ್ತಿತ್ತು, ಅದೂ ಬಯಲಿನಲ್ಲಿ. ಚಿಲ್ಲರೆಯ ಗೋಳಿರಲಿಲ್ಲ. ದರ ಬಜಾರಿಗಿಂತ ತುಸು ಹೆಚ್ಚು. ತೊಗರಿಬೇಳೆ, ಎಣ್ಣೆಯಲ್ಲಿ ಅದು ಎದ್ದು ಕಾಣುತ್ತಿತ್ತು. ಆರಿಸುವ ಸ್ವಾತಂತ್ರ್ಯವೂ ಇಲ್ಲ, ಇದ್ದ ಬ್ರ್ಯಾಂಡನ್ನೇ ಕೊಡುತ್ತಿದ್ದರು.

ಈ ಅಂಗಡಿಯ ನಿಜವಾದ ಬೆಲೆ ನನಗೆ ಗೊತ್ತಾದದ್ದು ಬೆಲ್ಲದ ವಿಷಯದಲ್ಲಿ. ಅತ್ತೆಯವರು ತಮ್ಮ ಕೈಬರಹದಲ್ಲಿ ‘ಬೆಲ್ಲ 1 ಡಬ್ಬ’ ಎಂದು ಬರೆದಿದ್ದ ಚೀಟಿಯ ಫೋಟೋವನ್ನೇ ಕಳಿಸಿದ್ದೆ. ಹತ್ತು ನಿಮಿಷದಲ್ಲಿ ಅಂಗಡಿಯವರ ಫೋನು ಬಂತು: “ಅಕ್ಕ, ಡಬ್ಬ ಅಂದ್ರೆ ಜೋನಿ ಬೆಲ್ಲನಾ? ಅಮ್ಮಂಗೆ ಶುಗರ್ ಅಂತಿದ್ರಲ್ಲ, ಯಾರಿಗೆ ಇದು?” ಜೋನಿ ಎಂದರೆ ನಮ್ಮ ಮಲೆನಾಡಿನ ನೀರಾದ ಬೆಲ್ಲ. ದೋಸೆಗೆ ಹಚ್ಚಿಕೊಳ್ಳಲು ಮೊಮ್ಮಗಳಿಗೆ ಎಂದು ಅತ್ತೆಯವರೇ ಫೋನಿಗೆ ಕೂಗಿ ಸಮಜಾಯಿಷಿ ಕೊಟ್ಟರು. ಅದೇ ಚೀಟಿಯನ್ನು ಸೂಪರ್‌ಮಾರ್ಕೆಟ್‌ಗೆ ಕಳಿಸಿದಾಗ ಬಂದದ್ದು ಬೆಲ್ಲದ ಪುಡಿಯ ಪೊಟ್ಟಣ.

ಆ ಸೂಪರ್‌ಮಾರ್ಕೆಟ್ ಯಾವುದೆಂದು ಹೇಳುವ ಅಗತ್ಯವಿಲ್ಲ. ನಗರದ ದೊಡ್ಡ ಮಳಿಗೆಗಳಲ್ಲಿ ಒಂದು, ಫೋನಿನಲ್ಲಿ ಆರ್ಡರ್ ತೆಗೆದುಕೊಂಡು ಮನೆಗೆ ತಲುಪಿಸುತ್ತಿತ್ತು. ಯಾರ ಕೈಯೂ ತಾಗದ ಮುಚ್ಚಿದ ಪೊಟ್ಟಣಗಳು, ಹವಾನಿಯಂತ್ರಿತ ಸ್ವಚ್ಛ ಮಳಿಗೆ ಎಂದು ಮೊದಲ ವರ್ಷ ನಾನು ಇದನ್ನೇ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಮನೆಗೇ ತಂದುಕೊಟ್ಟಾಗ ಇದರಷ್ಟು ಸುರಕ್ಷಿತವಾದದ್ದು ಇಲ್ಲವೆಂದು ಈಗಲೂ ಒಪ್ಪುತ್ತೇನೆ. ಆದರೆ ತಂದುಕೊಡಬೇಕಲ್ಲ! ನಾಳೆ ಎಂದದ್ದು ನಾಲ್ಕನೆಯ ದಿನಕ್ಕೆ ಬರುತ್ತಿತ್ತು, ಹತ್ತೊಂಬತ್ತು ಸಾಮಾನಿನಲ್ಲಿ ಹನ್ನೊಂದು ಮಾತ್ರ ಇರುತ್ತಿದ್ದವು, ಉಳಿದ ಎಂಟಕ್ಕಾಗಿ ಮತ್ತೆ ಹೊರಗೆ ಹೋಗಬೇಕಾಗುತ್ತಿತ್ತು. ಕೊನೆಗೊಂದು ದಿನ ‘ನೀವೇ ಬಂದು ಒಯ್ದುಕೊಳ್ಳಿ’ ಎಂದಾಗ ಮಳಿಗೆಯೊಳಗೆ ಹೋದೆ. ಬಾಗಿಲಲ್ಲಿ ಹಣೆಗೆ ಯಂತ್ರ ಹಿಡಿದು ಜ್ವರ ನೋಡಿದರು, ಅಂಗೈಗೆ ಸ್ಯಾನಿಟೈಸರ್ ಸುರಿದರು. ಒಳಗೆ ಕಿಟಕಿಯಿಲ್ಲ, ಬಿಲ್ಲಿಂಗ್ ಕೌಂಟರಿನ ಮುಂದೆ ಇಪ್ಪತ್ತು ಜನ, ತಣ್ಣನೆಯ ಅದೇ ಗಾಳಿ ಸುತ್ತುತ್ತಿದೆ. ಸ್ವಚ್ಛವಾಗಿ ಕಾಣುವುದೂ ಸುರಕ್ಷಿತವಾಗಿರುವುದೂ ಬೇರೆ ಬೇರೆ ಎಂಬುದು ಆ ಕೌಂಟರಿನ ಮುಂದೆ ನಿಂತಾಗ ನನಗೆ ಹೊಳೆಯಿತು.

ತಳ್ಳುಗಾಡಿಯನ್ನು ಮೊದಲ ವರ್ಷ ನಾನು ಗೇಟಿನ ಹತ್ತಿರವೂ ಸುಳಿಯಗೊಟ್ಟಿರಲಿಲ್ಲ. ಬೀದಿಯ ಹೆಂಗಸರೆಲ್ಲ ಅದೇ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಾರೆ, ಅದೇ ಟೊಮೆಟೊವನ್ನು ಒತ್ತಿ ನೋಡುತ್ತಾರೆ ಎಂಬುದೇ ನನ್ನ ಭಯ. 2021ರಲ್ಲಿ ದಿನಸಿ ಅಂಗಡಿಗಳು ಹತ್ತಕ್ಕೆ ಮುಚ್ಚುತ್ತಿದ್ದರೂ ತರಕಾರಿ ಹಣ್ಣಿನ ತಳ್ಳುಗಾಡಿಗಳಿಗೆ ಸಂಜೆ 6ರವರೆಗೆ ಅನುಮತಿಯಿತ್ತು. ನಮ್ಮ ಬೀದಿಗೆ ಬರುತ್ತಿದ್ದ ವ್ಯಾಪಾರಿಗೆ ನನಗಿಂತ ಮೊದಲೇ ಬುದ್ಧಿ ಬಂದಿತ್ತು. ಗಾಡಿಯನ್ನು ರಸ್ತೆಯ ನಡುವೆ ನಿಲ್ಲಿಸಿ, “ಅಕ್ಕ, ನೀವು ಗೇಟಲ್ಲೇ ನಿಂತು ಹೇಳಿ, ನಾನೇ ಆರಿಸ್ತೀನಿ, ಕೆಟ್ಟದ್ದು ಬಂದ್ರೆ ನಾಳೆ ಬೈರಿ” ಎನ್ನುತ್ತಿದ್ದ. ಬೆಂಡೆಕಾಯಿ ಬೇಕೆಂದರೆ ಒಂದನ್ನು ತಾನೇ ಎತ್ತಿ ಹಿಡಿದು, ಜಗಲಿಯ ಮೇಲೆ ಕುಳಿತ ಅತ್ತೆಯವರಿಗೆ ಕೇಳಿಸುವಂತೆ ಪಟ್ಟನೆ ತುದಿ ಮುರಿಯುತ್ತಿದ್ದ. ಸದ್ದು ಸರಿಯಾಗಿದ್ದರೆ ಅತ್ತೆಯವರು ತಲೆಯಾಡಿಸುತ್ತಿದ್ದರು, ಅರ್ಧ ಕೆಜಿ ತೂಕಕ್ಕೆ ಬೀಳುತ್ತಿತ್ತು. ಬಯಲು, ಬೀಸುವ ಗಾಳಿ, ಎಂಟು ಹತ್ತು ಅಡಿ ದೂರ, ಎರಡು ನಿಮಿಷ: ಮನೆಬಾಗಿಲಿಗೇ ಬರುವ ಸೂಪರ್‌ಮಾರ್ಕೆಟ್ ಸಾಮಾನನ್ನು ಬಿಟ್ಟರೆ, ಸುರಕ್ಷತೆಯ ಲೆಕ್ಕದಲ್ಲಿ ಇದನ್ನು ಮೀರಿಸಿದ್ದು ಬೇರೆ ಯಾವುದೂ ಇರಲಿಲ್ಲ. ಕೊರತೆ ಆಯ್ಕೆಯಲ್ಲಿತ್ತು. ವಾರದಲ್ಲಿ ನಾಲ್ಕು ದಿನ ಎಲೆಕೋಸು, ಉಳಿದ ದಿನ ಮೂಲಂಗಿ. ಸೊಪ್ಪು ಸಿಕ್ಕರೂ ಮಧ್ಯಾಹ್ನದ ಹೊತ್ತಿಗೆ ಬಾಡಿರುತ್ತಿತ್ತು.

ಔಷಧಿಗೆ ಹೋಲಿಕೆಯ ಅಗತ್ಯವೇ ಬೀಳಲಿಲ್ಲ. ಮೆಡಿಕಲ್ ಅಂಗಡಿಗಳಿಗೆ ಸಮಯದ ಮಿತಿಯಿರಲಿಲ್ಲವಾದ್ದರಿಂದ, ಜನ ಕಡಿಮೆಯಿರುವ ಮಧ್ಯಾಹ್ನ ಮೂರಕ್ಕೆ ಹೋಗಿ ಎರಡು ತಿಂಗಳಿಗಾಗುವಷ್ಟು ಸಕ್ಕರೆ ಕಾಯಿಲೆಯ ಮಾತ್ರೆ ಒಟ್ಟಿಗೆ ತರುತ್ತಿದ್ದೆ.

ತಂದ ಮೇಲಿನ ಶುದ್ಧೀಕರಣದಲ್ಲೂ ನಾವು ಎರಡು ಬಣವಾಗಿದ್ದೆವು. ಯಜಮಾನರದು ಸೋಪಿನ ಬಣ. 2020ರ ಏಪ್ರಿಲ್‌ನಲ್ಲಿ ಅವರು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಟೊಮೆಟೊ, ಕೊತ್ತಂಬರಿ ಸೊಪ್ಪುಗಳನ್ನು ಶ್ರದ್ಧೆಯಿಂದ ಅದ್ದಿ ತೆಗೆದರು. ಆ ದಿನದ ಸಾರಿನಲ್ಲಿ ಇಂಗಿಗಿಂತ ಮುಂದೆ ನಿಂಬೆಯ ಸೋಪು ಘಮ್ಮೆಂದಿತು. ತರಕಾರಿಗೆ ಸೋಪು, ಸೋಂಕುನಾಶಕ ಹಾಕಬಾರದು, ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು ಎಂದು ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿದ್ದನ್ನು ಮಗಳು ಓದಿ ತೋರಿಸಿದ ಮೇಲೆ ಸೋಪು ಕೈಗೆ ಮಾತ್ರ ಸೀಮಿತವಾಯಿತು. ನನ್ನದು ಕಾಯುವ ಬಣ: ಕೆಡದ ಪೊಟ್ಟಣಗಳನ್ನು ಜಗಲಿಯ ಮೂಲೆಯಲ್ಲಿ ಮೂರು ದಿನ ಇಟ್ಟು ಒಳಗೆ ತರುವುದು. ಬೇಸಿಗೆಯಲ್ಲಿ ಇದು ನಡೆಯಿತು. ಮಳೆ ಹಿಡಿದ ಮೇಲೆ ಜಗಲಿಯ ಥಂಡಿಗೆ ರವೆಯ ಪೊಟ್ಟಣ ಮೆತ್ತಗಾಗಿ, ಅವಲಕ್ಕಿ ಮುಗ್ಗಲು ಹಿಡಿಯಿತು. ವೈರಸ್ಸಿಗಿಂತ ಮುಂಚೆ ಬೂಷ್ಟು ಒಳಗೆ ಬಂತು. ಎರಡನೆಯ ವರ್ಷ ಎರಡೂ ಬಣಗಳು ವಿಸರ್ಜನೆಯಾದವು. ಚೀಲ ಇಳಿಸಿ, 20 ಸೆಕೆಂಡು ಸೋಪು ಹಚ್ಚಿ ಕೈ ತೊಳೆದು, ಆಮೇಲೆ ಸಾಮಾನು ಎತ್ತಿಟ್ಟು ಮತ್ತೊಮ್ಮೆ ಕೈ ತೊಳೆಯುವಲ್ಲಿಗೆ ಮುಗಿಯುತ್ತಿತ್ತು. ಸ್ಯಾನಿಟೈಸರ್ ನೀರು ಸಿಗದ ಕಡೆಗೆ ಮಾತ್ರ, ಅದೂ ಶೇ. 60ಕ್ಕಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ.

ತಾನಾಗಿ ಒದಗಿದ ಐದನೆಯ ದಾರಿ ಕೊಂಡುಕೊಳ್ಳದೇ ಇರುವುದು. 2020ರ ಜೂನ್‌ನಲ್ಲಿ ಓಡಾಟ ಸಡಿಲವಾದಾಗ ತೀರ್ಥಹಳ್ಳಿ ಸಮೀಪದ ನಮ್ಮ ಮೂಲಮನೆಗೆ ಹೋಗಿ ಮೂರು ವಾರ ಇದ್ದೆವು. ಅಲ್ಲಿ ಮಾಡಿನ ಅಡ್ಡಪಟ್ಟಿಗೆ ಬಾಳೆನಾರಿನಲ್ಲಿ ಕಟ್ಟಿ ತೂಗುಬಿಟ್ಟ ಸೌತೆಕಾಯಿಗಳು ಬೇಸಿಗೆಯಿಂದಲೇ ಕಾದಿದ್ದವು. ಹಿತ್ತಲಲ್ಲಿ ಬಸಳೆ, ಕೆಸು, ತಂಬುಳಿಗೆ ಒಂದೆಲಗ, ಭರಣಿಯಲ್ಲಿ ಮಿಡಿ ಉಪ್ಪಿನಕಾಯಿ. ಮಳೆ ಬಿದ್ದ ಮೇಲೆ ಕಳಲೆ, ಅಂದರೆ ಎಳೆ ಬಿದಿರಿನ ಮೊಳಕೆ, ಬಂತು. ಅದನ್ನು ಹೆಚ್ಚಿ, ನೀರು ಬದಲಿಸುತ್ತ ಮೂರು ದಿನ ನೆನೆಸಿಡುವ ಅತ್ತೆಯವರ ತಾಳ್ಮೆಗೆ ನನ್ನ ಜಗಲಿಯ ಮೂರು ದಿನ ಸಾಟಿಯಲ್ಲ. ತರಕಾರಿಗೆಂದು ಮೂರು ವಾರದಲ್ಲಿ ಒಬ್ಬರ ಮುಖವನ್ನೂ ನೋಡಬೇಕಾಗಲಿಲ್ಲ. ಆದರೆ ಹಿತ್ತಲು ಉಪ್ಪು, ಎಣ್ಣೆ, ಬೆಂಕಿಪೊಟ್ಟಣ, ಮಾತ್ರೆ ಕೊಡುವುದಿಲ್ಲ. ಅವುಗಳಿಗಾಗಿ ಆರು ಕಿಲೋಮೀಟರ್ ದೂರದ ಅಂಗಡಿಗೆ ಹೋಗಬೇಕಾದಾಗ, ಬಸ್ಸು ಇಲ್ಲದ ಆ ದಿನಗಳಲ್ಲಿ, ಅಕ್ಕಪಕ್ಕದ ಮನೆಯವರೆಲ್ಲ ಒಂದೇ ಜೀಪಿನಲ್ಲಿ, ಮಳೆಗೆ ಟಾರ್ಪಾಲು ಇಳಿಬಿಟ್ಟುಕೊಂಡು, ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ಹೋದೆವು. ಮೂರು ವಾರ ಉಳಿಸಿದ್ದನ್ನು ಆ ಇಪ್ಪತ್ತು ನಿಮಿಷದಲ್ಲಿ ಖರ್ಚು ಮಾಡಿದೆವು ಎಂದು ಈಗ ಅನಿಸುತ್ತದೆ.

ಹಾಗಾಗಿ 2021ರ ಮೇ ಕೊನೆಯ ಹೊತ್ತಿಗೆ ನಮ್ಮಲ್ಲಿ ನಿಂತ ಏರ್ಪಾಡು ಹೀಗಿತ್ತು: ಹದಿನೈದು ದಿನಕ್ಕೊಮ್ಮೆ ಚೀಟಿ ಅಂಗಡಿಯಿಂದ ದಿನಸಿ, ದಿನ ಬಿಟ್ಟು ದಿನ ತಳ್ಳುಗಾಡಿಯಿಂದ ತರಕಾರಿ, ಮುಂಜಾನೆ ಗೇಟಿಗೆ ಕಟ್ಟಿದ ಚೀಲಕ್ಕೆ ಬೀಳುವ ನಂದಿನಿ ಹಾಲು. ಮಹಡಿಯ ಮೇಲಿದ್ದು ಗೇಟಿಗೆ ಇಳಿದು ಬರಲಾಗದ ವೃದ್ಧ ದಂಪತಿಗಳಿಗೆ ಮಾತ್ರ, ತಡವಾದರೂ ಚಿಂತೆಯಿಲ್ಲ, ಮನೆಬಾಗಿಲಿಗೇ ಬರುವ ಸೂಪರ್‌ಮಾರ್ಕೆಟ್ಟನ್ನೇ ಹೇಳುತ್ತಿದ್ದೆ. ಬಜಾರಿಗೆ ಹೋಗಲೇಬೇಕಾದವರಿಗೆ ಆರೂ ಕಾಲು, ಅದಕ್ಕಿಂತ ತಡವಲ್ಲ. ಅತ್ತೆಯವರು ಈಗಲೂ ಚೀಟಿಯನ್ನು ಕಾಗದದಲ್ಲೇ ಬರೆದು ನನ್ನ ಕೈಗೆ ಕೊಟ್ಟು ಫೋಟೋ ತೆಗೆಸುತ್ತಾರೆ, ಮತ್ತು ‘ಬೆಲ್ಲ 1 ಡಬ್ಬ’ದ ಪಕ್ಕದಲ್ಲಿ ಕಂಸ ಹಾಕಿ ‘ಮೊಮ್ಮಗಳಿಗೆ’ ಎಂದು ಸೇರಿಸುತ್ತಾರೆ.