ಅಕ್ಯುರಾ, ಇನ್ಫಿನಿಟಿ, ಲೆಕ್ಸಸ್: ಒಂದೇ ಕಾಲದಲ್ಲಿ ಹೊರಟ ಮೂವರಲ್ಲಿ ಇಬ್ಬರು ಹಿಂದುಳಿದದ್ದೇಕೆ?

ಜಪಾನಿನ ಮೂರು ಕಾರು ಕಂಪನಿಗಳು ನಾಲ್ಕು ವರ್ಷಗಳೊಳಗೆ ಒಂದರ ಹಿಂದೊಂದು ಅಮೆರಿಕದ ಐಷಾರಾಮಿ ಕಾರುಗಳ ಮಾರುಕಟ್ಟೆಗೆ ಇಳಿದವು. ಹೋಂಡಾ 1986ರ ಮಾರ್ಚ್‌ನಲ್ಲಿ ಅಕ್ಯುರಾವನ್ನು ತಂದಿತು. ಟೊಯೋಟಾ 1989ರ ಸೆಪ್ಟೆಂಬರ್‌ನಲ್ಲಿ ಲೆಕ್ಸಸ್ಸನ್ನೂ, ನಿಸ್ಸಾನ್ ಅದೇ ವರ್ಷದ ನವೆಂಬರ್‌ನಲ್ಲಿ ಇನ್ಫಿನಿಟಿಯನ್ನೂ ತಂದವು. ಅಮೆರಿಕಕ್ಕೆ ಕಳುಹಿಸಬಹುದಾದ ಜಪಾನಿ ಕಾರುಗಳ ಸಂಖ್ಯೆಗೆ 1981ರಿಂದ ಮಿತಿ ಇದ್ದುದರಿಂದಲೂ, 1985ರ ನಂತರ ಯೆನ್ ಬೆಲೆ ಏರಿದ್ದರಿಂದಲೂ, ಕಳುಹಿಸುವ ಪ್ರತಿಯೊಂದು ಕಾರಿನಿಂದ ಹೆಚ್ಚು ಲಾಭ ಪಡೆಯಬೇಕಾದ ಒತ್ತಡ ಮೂವರ ಮೇಲೂ ಒಂದೇ ಬಗೆಯಾಗಿತ್ತು. ಮಜ್ದಾ ಕೂಡ ಅಮಾಟಿ ಎಂಬ ಹೆಸರಿನಲ್ಲಿ ಇದೇ ದಾರಿ ಹಿಡಿಯಲು ಹೊರಟು, 1992ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು.

2024ರಲ್ಲಿ ಲೆಕ್ಸಸ್ ಅಮೆರಿಕದಲ್ಲಿ 3.4 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಮಾರಿತು. ಎಲ್ಲರಿಗಿಂತ ಮೊದಲು ಹೊರಟಿದ್ದ ಅಕ್ಯುರಾದ ಮಾರಾಟ ಸುಮಾರು 1.3 ಲಕ್ಷದಲ್ಲಿ ನಿಂತಿತು; ಇನ್ಫಿನಿಟಿ 60 ಸಾವಿರವನ್ನೂ ಮುಟ್ಟಲಿಲ್ಲ. ಈ ಅಂತರಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆಗಳು ನನಗೆ ಒಪ್ಪಿಗೆಯಾಗಿಲ್ಲ, ಏಕೆಂದರೆ ಈ ಮೂರೂ ಬ್ರ್ಯಾಂಡ್‌ಗಳ ಒಂದೊಂದು ಕಾರನ್ನು ನಾನು ಹತ್ತಿರದಿಂದ ಬಲ್ಲೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ನಮ್ಮ ಮನೆಯಲ್ಲಿ 2006ರ ಅಕ್ಯುರಾ ಟಿಎಲ್ ಇದೆ. ತಮ್ಮನ ಬಳಿ 2011ರ ಇನ್ಫಿನಿಟಿ ಜಿ37. ಅಕ್ಕನ ಮನೆಯಲ್ಲಿ 2007ರ ಲೆಕ್ಸಸ್ ಇಎಸ್ 350. ಮೂರನ್ನೂ ಸೆಕೆಂಡ್ ಹ್ಯಾಂಡ್ ಆಗಿಯೇ ಕೊಂಡದ್ದು. ಊರಿನೊಳಗಿನ ಓಡಾಟಕ್ಕೂ, ಬೆಟ್ಟ ಹತ್ತಿ ಇಳಿದು ಸಾಂತಾ ಕ್ರೂಜ್ ಸೇರುವ 17ನೇ ಹೆದ್ದಾರಿಯ ತಿರುವುಗಳಿಗೂ ಈ ಮೂರನ್ನೂ ನಾನು ಒಯ್ದಿದ್ದೇನೆ.

ಮೊದಲು ಟಿಎಲ್. ಆರು ಗೇರುಗಳ ಮ್ಯಾನುವಲ್ ಮಾದರಿ, 3.2 ಲೀಟರಿನ ವಿ6 (ಆರು ಸಿಲಿಂಡರುಗಳ) ಎಂಜಿನ್, ಬ್ರೆಂಬೊ ಬ್ರೇಕ್, ಎರಡು ಮುಂಚಕ್ರಗಳಿಗೆ ಬಲವನ್ನು ಅಳತೆಯಿಂದ ಹಂಚುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಗೇರ್ ಲಿವರ್ ಅಂಗೈಯಲ್ಲಿ ಕೂರುವಷ್ಟು ಗಿಡ್ಡ. ಎರಡರಿಂದ ಮೂರಕ್ಕೆ ಹಾಕುವಾಗ ಬಲ ಬೇಕಾಗುವುದಿಲ್ಲ, ಮಣಿಕಟ್ಟು ತಿರುಗಿಸಿದರೆ ಸಾಕು, ಲಿವರ್ ತನ್ನ ಜಾಗವನ್ನು ತಾನೇ ಹುಡುಕಿಕೊಂಡು ಹೋಗಿ ಕೂರುತ್ತದೆ. ಸಂಗೀತ ನಿರ್ಮಾಪಕ ಎಲಿಯಟ್ ಶೈನರ್ ಅವರ ಸಹಭಾಗಿತ್ವದಲ್ಲಿ ರೂಪುಗೊಂಡ ಎಂಟು ಸ್ಪೀಕರುಗಳ ವ್ಯವಸ್ಥೆಯಲ್ಲಿ ಡಿವಿಡಿ ಆಡಿಯೊ ಹಾಕಿ ಕೇಳಿದರೆ ತಂಬೂರಿಯ ಶ್ರುತಿ ಒಂದೆಡೆಯಿಂದಲೂ ಮೃದಂಗದ ಎಡಭಾಗ ಇನ್ನೊಂದೆಡೆಯಿಂದಲೂ ಬಿಡಿಬಿಡಿಯಾಗಿ ಕೇಳುತ್ತದೆ. ಮುಂಚಕ್ರ ಚಾಲನೆಯ ಕಾರಾದ್ದರಿಂದ ಕಡಿದಾದ ತಿರುವಿನಿಂದ ಹೊರಬರುವಾಗ ಆಕ್ಸಲರೇಟರ್ ಪೂರ್ತಿ ಒತ್ತಿದರೆ ಸ್ಟಿಯರಿಂಗ್ ಸ್ವಲ್ಪ ಎಳೆದಂತಾಗುತ್ತದೆ. ಅದನ್ನು ಬಿಟ್ಟರೆ ಒಳಗಿನ ಜೋಡಣೆಯಲ್ಲಾಗಲಿ ಎಂಜಿನ್ನಿನ ನಯದಲ್ಲಾಗಲಿ ಇದು ಯಾವ ಜರ್ಮನ್ ಕಾರಿನ ಮುಂದೆಯೂ ತಲೆ ತಗ್ಗಿಸಬೇಕಾದ ಕಾರಲ್ಲ.

ಜಿ37 ಬೇರೆಯೇ ಸ್ವಭಾವದ್ದು. ಇದು ಜಪಾನಿನಲ್ಲಿ ನಿಸ್ಸಾನ್ ಸ್ಕೈಲೈನ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಕಾರು. ಎಂಜಿನ್ ಮುಂಚಕ್ರಗಳ ಆಕ್ಸಲ್‌ನ ಹಿಂದಕ್ಕೆ ಸರಿದು ಕುಳಿತಿದೆ, ಬಲ ಹೋಗುವುದು ಹಿಂಚಕ್ರಗಳಿಗೆ. 3.7 ಲೀಟರ್ ವಿ6 ಎಂಜಿನ್ 328 ಅಶ್ವಶಕ್ತಿ ಕೊಡುತ್ತದೆ; ನಾಲ್ಕು ಸಾವಿರ ಆರ್‌ಪಿಎಂ ದಾಟಿದ ಮೇಲೆ ಅದರ ದನಿ ಗಡುಸಾಗುತ್ತದೆ, ಏಳು ಸಾವಿರದವರೆಗೂ ದಣಿಯುವುದಿಲ್ಲ. 17ನೇ ಹೆದ್ದಾರಿಯ ಏರಿನಲ್ಲಿ ಸ್ಟಿಯರಿಂಗ್ ಹಿಡಿದ ಬೆರಳುಗಳಿಗೆ ರಸ್ತೆಯ ಒರಟುತನ, ಡಾಂಬರಿನ ತೇಪೆ, ಟೈರಿನ ಹಿಡಿತ ಎಲ್ಲವೂ ತಿಳಿಯುತ್ತವೆ. ಹೈಡ್ರಾಲಿಕ್ ಸ್ಟಿಯರಿಂಗ್ ಇದ್ದ ಕಾಲದ ಕಾರುಗಳ ಈ ಗುಣ ಇಂದಿನ ಕಾರುಗಳಲ್ಲಿ ಅಪರೂಪ. ಸ್ಟಿಯರಿಂಗಿನ ಹಿಂದೆ ಗೇರ್ ಬದಲಿಸಲು ಮೆಗ್ನೀಷಿಯಂನ ತಣ್ಣನೆಯ ಪ್ಯಾಡಲ್‌ಗಳು, ಡ್ಯಾಶ್‌ಬೋರ್ಡಿನ ನಡುವೆ ಇನ್ಫಿನಿಟಿಯ ಗುರುತಾಗಿ ಉಳಿದುಬಂದ ಅಂಡಾಕಾರದ ಮುಳ್ಳಿನ ಗಡಿಯಾರ. ಚಾಲಕನಿಗಾಗಿಯೇ ಮಾಡಿದ ಈ ಕಾರಿನಲ್ಲಿ ಹಿಂದಿನ ಸೀಟಿನ ನಡುವೆ ಹಾದುಹೋಗುವ ಉಬ್ಬಿನಿಂದಾಗಿ ಮೂರನೆಯವರಿಗೆ ಕಾಲಿಡಲು ಜಾಗ ಸಾಲದು.

ಇಎಸ್ 350 ಓಡಿಸುವುದರಲ್ಲಿ ನನಗೆ ಈ ಎರಡರ ಸುಖ ಸಿಗುವುದಿಲ್ಲ. ಸ್ಟಿಯರಿಂಗ್ ಹಗುರ, ತಿರುವಿನಲ್ಲಿ ಕಾರು ಮೆಲ್ಲಗೆ ವಾಲುತ್ತದೆ. ಆದರೆ ಊರಿನಿಂದ ಅಪ್ಪ ಅಮ್ಮ ಬಂದಾಗ ಅವರನ್ನು ಕರೆದೊಯ್ಯಲು ನಾವೆಲ್ಲರೂ ಕೇಳುವುದು ಇದೇ ಕಾರನ್ನು. “ಅಪ್ಪನಿಗೆ ಇದರಲ್ಲಿ ಕೂತರೆ ಬೆನ್ನುನೋವು ನೆನಪಾಗೋದಿಲ್ಲ ಕಣೋ” ಎಂದು ಅಕ್ಕ ಹೇಳುವ ಮಾತು ಉತ್ಪ್ರೇಕ್ಷೆಯಲ್ಲ: ರಸ್ತೆಯ ಕಾಂಕ್ರೀಟ್ ಕೂಡುಗೆರೆಗಳ ಸದ್ದು ಟಿಎಲ್‌ನಲ್ಲಿ ಸ್ಪಷ್ಟವಾಗಿಯೂ ಜಿ37ರಲ್ಲಿ ಇನ್ನೂ ಸ್ಪಷ್ಟವಾಗಿಯೂ ಕೇಳುವಲ್ಲಿ, ಇದರಲ್ಲಿ ಹಿಂದೆ ಕುಳಿತವರ ಪಿಸುಮಾತು ಮುಂದಿನವರಿಗೆ ಕೇಳುತ್ತದೆ.

ಅಕ್ಯುರಾ ಹಿಂದುಳಿದದ್ದಕ್ಕೆ ಎಲ್ಲರೂ ಹೇಳುವ ಕಾರಣ, ಅದು ಹೋಂಡಾ ಅಕಾರ್ಡ್‌ನ ಮೇಲೆ ಕಟ್ಟಿದ ಮುಂಚಕ್ರ ಚಾಲನೆಯ ಕಾರು, ಅದರಲ್ಲಿ ಎಂದೂ ಎಂಟು ಸಿಲಿಂಡರುಗಳ ವಿ8 ಎಂಜಿನ್ ಇರಲಿಲ್ಲ ಎಂಬುದು. ಹಾಗಿದ್ದರೆ ಇಎಸ್ 350ರ ಯಶಸ್ಸನ್ನು ಹೇಗೆ ವಿವರಿಸುವುದು? ಅದೂ ಮುಂಚಕ್ರ ಚಾಲನೆಯ ಕಾರು, ಟೊಯೋಟಾ ಕ್ಯಾಮ್ರಿಯ ಒಡಹುಟ್ಟು, ಅದರಲ್ಲೂ ವಿ8 ಇಲ್ಲ. ನನ್ನ ತೀರ್ಮಾನ ಬೇರೆ. ಲೆಕ್ಸಸ್ ತನಗೆ ಹೆಸರು ತಂದ ಕಾರುಗಳನ್ನು ಹೆಸರು ಸಮೇತ ಉಳಿಸಿಕೊಂಡು, ಕಾಲಕಾಲಕ್ಕೆ ಹೊಸದಾಗಿಸುತ್ತ ಬಂದಿತು. ಉಳಿದ ಇಬ್ಬರು ತಾವು ಗೆದ್ದ ಕಾರುಗಳನ್ನೇ ಒಂದಾದ ಮೇಲೊಂದರಂತೆ ಕೈಬಿಟ್ಟರು.

ಅಕ್ಯುರಾದ ಚರಿತ್ರೆಯಲ್ಲಿ ಇದು ಎದ್ದು ಕಾಣುತ್ತದೆ. ಲೆಜೆಂಡ್ ಮತ್ತು ಇಂಟೆಗ್ರಾ ಎಂಬ ಎರಡೇ ಕಾರುಗಳೊಂದಿಗೆ ಹೊರಟ ಬ್ರ್ಯಾಂಡ್ ಎರಡನೆಯ ವರ್ಷದಲ್ಲೇ ಒಂದು ಲಕ್ಷ ಕಾರುಗಳ ಮಾರಾಟ ದಾಟಿತು. 1990ರಲ್ಲಿ ಎನ್‌ಎಸ್‌ಎಕ್ಸ್ ಬಂದಿತು. ಪೂರ್ತಿ ಅಲ್ಯೂಮಿನಿಯಂ ಕವಚದ ಆ ಸ್ಪೋರ್ಟ್ಸ್ ಕಾರನ್ನು ಸುಜುಕಾ ಟ್ರ್ಯಾಕ್‌ನಲ್ಲಿ ಓಡಿಸಿ ಫಾರ್ಮುಲಾ ಒನ್ ಚಾಲಕ ಐರ್ಟನ್ ಸೆನ್ನಾ ಸಲಹೆ ಕೊಟ್ಟಿದ್ದರು. ಇಷ್ಟೆಲ್ಲ ಕೈಯಲ್ಲಿರುವಾಗ 1996ರ ಮಾದರಿಯಿಂದ ಲೆಜೆಂಡ್ ಎಂಬ ಹೆಸರನ್ನು ತೆಗೆದು ಆರ್‌ಎಲ್ ಎಂದರು, ಮುಂದೆ ಇಂಟೆಗ್ರಾ ಆರ್‌ಎಸ್‌ಎಕ್ಸ್ ಆಯಿತು. ಆರ್‌ಎಲ್ ಎಂಬ ಎರಡಕ್ಷರದ ಹಿಂದೆ ಲೆಜೆಂಡ್ ಇದೆಯೆಂದು ಹತ್ತು ವರ್ಷ ಆ ಕಾರು ಓಡಿಸಿದ ಗ್ರಾಹಕನಿಗೇ ತಿಳಿಯುವಂತಿರಲಿಲ್ಲ. ನಮ್ಮ ಮನೆಯ ಟಿಎಲ್‌ನ ತಲೆಮಾರು ಈ ನಷ್ಟವನ್ನು ಬಹುಮಟ್ಟಿಗೆ ತುಂಬಿತ್ತು. 2005ರಲ್ಲಿ ಅಕ್ಯುರಾದ ಮಾರಾಟ ಎರಡು ಲಕ್ಷ ದಾಟಿದ್ದು ಇದೇ ಕಾರುಗಳ ಕಾಲದಲ್ಲಿ. ಆದರೆ 2008ರಲ್ಲಿ ಬಂದ ಮುಂದಿನ ಟಿಎಲ್‌ನ ಮೂತಿಗೆ ಹಕ್ಕಿಯ ಕೊಕ್ಕಿನಂಥ ಲೋಹದ ಗ್ರಿಲ್ ಅಂಟಿಸಿದರು, ಅದೇ ವರ್ಷದ ಕೊನೆಗೆ ಆರ್ಥಿಕ ಕುಸಿತದ ನಡುವೆ ವಿ8 ಎಂಜಿನ್ನಿನ ಯೋಜನೆಯನ್ನು ರದ್ದು ಮಾಡಿದರು, 2014ರಲ್ಲಿ ಟಿಎಲ್ ಹೋಗಿ ಟಿಎಲ್‌ಎಕ್ಸ್ ಬಂದಿತು. ಆ ಟಿಎಲ್‌ಎಕ್ಸ್‌ಗೂ 2025ರಲ್ಲಿ ತೆರೆ ಬಿದ್ದಿದೆ. ಎರಡನೆಯ ತಲೆಮಾರಿನ ಎನ್‌ಎಸ್‌ಎಕ್ಸ್ 2016ರಿಂದ 2022ರವರೆಗೆ ಓಹಾಯೊದಲ್ಲಿ ಮೂರು ಸಾವಿರದಷ್ಟೂ ತಯಾರಾಗದೆ ಮುಗಿಯಿತು.

ಇನ್ಫಿನಿಟಿಯ ಆರಂಭವನ್ನು ಓದಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ, ಏಕೆಂದರೆ ಅದರಷ್ಟು ಧೈರ್ಯ ಇನ್ನಾರೂ ತೋರಿರಲಿಲ್ಲ. ಅದರ ದೊಡ್ಡ ಸೆಡಾನ್ ಆದ ಮೊದಲ ಕ್ಯೂ45ಕ್ಕೆ 4.5 ಲೀಟರ್ ವಿ8 ಎಂಜಿನ್, 278 ಅಶ್ವಶಕ್ತಿ. ಲೆಕ್ಸಸ್ ಎಲ್‌ಎಸ್ 400ಕ್ಕೆ ಇದ್ದದ್ದು 4.0 ಲೀಟರ್, 250 ಅಶ್ವಶಕ್ತಿ. ಕ್ಯೂ45ಕ್ಕೆ ಮುಂಭಾಗದಲ್ಲಿ ಗ್ರಿಲ್ ಇರಲಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಮರದ ಅಲಂಕಾರವಿರಲಿಲ್ಲ. ಬಿಡುಗಡೆಗೆ ಮುಂಚಿನ ಜಾಹೀರಾತುಗಳಲ್ಲಿ ಕಾರನ್ನೇ ತೋರಿಸದೆ ಬಂಡೆ, ನೀರು, ಮರಗಳನ್ನು ತೋರಿಸಿದರು. ಇತ್ತ ಲೆಕ್ಸಸ್ ಬಾನೆಟ್ಟಿನ ಮೇಲೆ ಶಾಂಪೇನ್ ಗ್ಲಾಸುಗಳ ಗೋಪುರವಿಟ್ಟು, ಎಂಜಿನ್ ಓಡುತ್ತಿದ್ದರೂ ಅವು ಅಲುಗದಿರುವುದನ್ನು ತೋರಿಸಿತು. 1989ರ ಡಿಸೆಂಬರ್‌ನಲ್ಲಿ, ಮಾರಾಟ ಶುರುವಾಗಿ ಕೆಲವೇ ತಿಂಗಳಲ್ಲಿ, ಸುಮಾರು 8 ಸಾವಿರ ಎಲ್‌ಎಸ್ 400 ಕಾರುಗಳನ್ನು ದುರಸ್ತಿಗಾಗಿ ವಾಪಸು ಕರೆಯಬೇಕಾದಾಗ, ಲೆಕ್ಸಸ್ ಮಾಲೀಕರ ಮನೆಗಳಿಂದಲೇ ಕಾರುಗಳನ್ನು ಒಯ್ದು, ಸರಿಪಡಿಸಿ, ಮರಳಿಸಿ, ಇಪ್ಪತ್ತು ದಿನಗಳಲ್ಲಿ ಆ ಕೆಲಸ ಮುಗಿಸಿತು. ಅಮೆರಿಕದಲ್ಲಿ ಲೆಕ್ಸಸ್‌ನ ಮೇಲಿನ ನಂಬಿಕೆಗೆ ಬುನಾದಿ ಬಿದ್ದದ್ದು ಆ ಇಪ್ಪತ್ತು ದಿನಗಳಲ್ಲಿ ಎಂದೇ ನಾನು ಭಾವಿಸುತ್ತೇನೆ.

ಇನ್ಫಿನಿಟಿ ತನ್ನ ಧೈರ್ಯದ ಮೇಲೆ ನಿಲ್ಲಲಿಲ್ಲ. 1994ರ ಮಾದರಿಗೆ ಗ್ರಿಲ್ ಬಂದಿತು, 1997ರ ಮಾದರಿಯಲ್ಲಿ ಎಂಜಿನ್ 4.1 ಲೀಟರಿಗೆ ಇಳಿಯಿತು. ತಾಯಿ ಕಂಪನಿ ಸಾಲದಲ್ಲಿ ಮುಳುಗಿ, 1999ರಲ್ಲಿ ರೆನೊ ಕಂಪನಿ 36.8 ಶೇಕಡಾ ಪಾಲು ಕೊಂಡ ಮೇಲೆ ಚೇತರಿಸಿಕೊಂಡಾಗ ಹುಟ್ಟಿದ್ದೇ ಜಿ35, ತಮ್ಮನ ಜಿ37ರ ಹಿಂದಿನ ತಲೆಮಾರು. ಆ ಜಿ35 ಮೋಟರ್ ಟ್ರೆಂಡ್ ಪತ್ರಿಕೆಯ 2003ರ ವರ್ಷದ ಕಾರು ಪ್ರಶಸ್ತಿ ಪಡೆಯಿತು. ಬಿಎಂಡಬ್ಲ್ಯು 3 ಸೀರೀಸ್‌ಗೆ ಎದುರಾಗಿ ನಿಲ್ಲಬಲ್ಲ ಹಿಂಚಕ್ರ ಚಾಲನೆಯ ಕಾರು, ಕಡಿಮೆ ಬೆಲೆ, ಹೆಚ್ಚು ಶಕ್ತಿ; ಲೆಕ್ಸಸ್‌ನ ಐಎಸ್ ಕೂಡ ಆಗ ಇದಕ್ಕೆ ಸಾಟಿಯಾಗಿರಲಿಲ್ಲ. ಜಿ ಎಂಬ ಒಂದಕ್ಷರ ಹತ್ತು ವರ್ಷಗಳಲ್ಲಿ ಗಳಿಸಿದ್ದ ಮನ್ನಣೆಯನ್ನು 2014ರ ಮಾದರಿಯಿಂದ ಒಂದೇ ಏಟಿಗೆ ಅಳಿಸಿ, ಎಲ್ಲ ಸೆಡಾನ್, ಕೂಪೆಗಳಿಗೂ ಕ್ಯೂ ಎಂದೂ ಎಲ್ಲ ಎಸ್‌ಯುವಿಗಳಿಗೂ ಕ್ಯೂಎಕ್ಸ್ ಎಂದೂ ಹೆಸರಿಟ್ಟರು. ಜಿ37ರ ಜಾಗಕ್ಕೆ ಬಂದದ್ದು ಕ್ಯೂ50.

ಕ್ಯೂ50ಯನ್ನೂ ನಾನು ಓಡಿಸಿ ನೋಡಿದ್ದೇನೆ. ಸ್ಟಿಯರಿಂಗಿನ ಆಜ್ಞೆಯನ್ನು ವಿದ್ಯುತ್ ಸಂಕೇತವಾಗಿ ಚಕ್ರಗಳಿಗೆ ತಲುಪಿಸುವ, ತುರ್ತಿಗಾಗಿ ಮಾತ್ರ ಯಾಂತ್ರಿಕ ಕೊಂಡಿ ಇಟ್ಟುಕೊಂಡಿರುವ ವ್ಯವಸ್ಥೆ ಮಾರಾಟದ ಕಾರಿನಲ್ಲಿ ಬಂದದ್ದು ಇದರಲ್ಲೇ ಮೊದಲು. ಎಂಜಿನಿಯರಿಂಗ್ ಆಗಿ ಅದು ದೊಡ್ಡ ಹೆಜ್ಜೆ. ಆದರೆ ತಮ್ಮನ ಕಾರಿನಲ್ಲಿ ಬೆರಳಿಗೆ ತಿಳಿಯುತ್ತಿದ್ದ ಡಾಂಬರಿನ ತೇಪೆ ಇದರಲ್ಲಿ ತಿಳಿಯುವುದಿಲ್ಲ. ಜಿ37 ಕೊಂಡವರು ಅದನ್ನು ಕೊಂಡದ್ದೇ ಆ ಸ್ಪರ್ಶಕ್ಕಾಗಿ. 2014ರಲ್ಲಿ ಇದೇ ಕ್ಯೂ50ಗೆ ನಿಸ್ಸಾನಿನ ಸ್ಪೋರ್ಟ್ಸ್ ಕಾರು ಜಿಟಿ-ಆರ್‌ನ ಎಂಜಿನ್ ಕೂರಿಸಿ ಓ ರೂಜ್ ಎಂಬ ಪ್ರದರ್ಶನ ಕಾರು ಮಾಡಿದರು, ಅದು ಮಾರಾಟಕ್ಕೆ ಬರಲೇ ಇಲ್ಲ. ನಡುವೆ ಹೊಸ ಎಂಜಿನ್ ಬಂದರೂ ಕಾರಿನ ಮೈಕಟ್ಟು ಮಾತ್ರ 2013ರಿಂದ 2024ರವರೆಗೆ ಅದೇ. ಆ ಅವಧಿಯಲ್ಲಿ ಬಿಎಂಡಬ್ಲ್ಯು 3 ಸೀರೀಸ್ ಪೂರ್ತಿಯಾಗಿ ಹೊಸ ತಲೆಮಾರಿಗೆ ಹೋಯಿತು. 2017ರಲ್ಲಿ ಒಂದೂವರೆ ಲಕ್ಷದಷ್ಟಿದ್ದ ಇನ್ಫಿನಿಟಿಯ ಅಮೆರಿಕದ ಮಾರಾಟ ಏಳು ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯಿತು. 2020ರಲ್ಲಿ ಬ್ರ್ಯಾಂಡ್ ಪಶ್ಚಿಮ ಯುರೋಪಿನಿಂದಲೇ ಹೊರನಡೆಯಿತು. ಇಂದು ಅದರ ಅಂಗಡಿಯಲ್ಲಿ ಒಂದೂ ಸೆಡಾನ್ ಇಲ್ಲ.

ಇದಕ್ಕೆ ಎದುರಾಗಿ ಇಎಸ್ ಎಂಬ ಹೆಸರು 1989ರಲ್ಲಿ ಹುಟ್ಟಿದ್ದು ಇಂದಿಗೂ ಅಳಿದಿಲ್ಲ. 2017ರಲ್ಲಿ ಲೆಕ್ಸಸ್ ಭಾರತಕ್ಕೆ ಬಂದಿತು, 2020ರಿಂದ ಇಎಸ್ 300ಎಚ್ ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲೇ ಜೋಡಣೆಗೊಂಡಿತು. ಅಕ್ಯುರಾ, ಇನ್ಫಿನಿಟಿಗಳನ್ನು ಅವುಗಳ ತಾಯಿ ಕಂಪನಿಗಳು ಭಾರತಕ್ಕೆ ತರಲೇ ಇಲ್ಲ.

ಎರಡರಲ್ಲಿ ಯಾರ ನಷ್ಟ ದೊಡ್ಡದು ಎಂದು ಕೇಳಿದರೆ ಇನ್ಫಿನಿಟಿಯದು ಎನ್ನುತ್ತೇನೆ. ಅಕ್ಯುರಾಕ್ಕೆ ಮೂರು ಸಾಲು ಸೀಟುಗಳ ಎಸ್‌ಯುವಿ ಎಂಡಿಎಕ್ಸ್ ಇನ್ನೂ ಆಸರೆಯಾಗಿದೆ, 2022ರಲ್ಲಿ ಇಂಟೆಗ್ರಾ ಎಂಬ ಹೆಸರನ್ನು ಮರಳಿ ತಂದಿರುವುದು ಅವರಿಗೆ ತಮ್ಮ ಬೇರಿನ ಬೆಲೆ ತಿಳಿದಿದೆ ಎಂಬುದಕ್ಕೆ ಗುರುತು. ಇನ್ಫಿನಿಟಿಗೆ ಹಿಂಚಕ್ರ ಚಾಲನೆಯ ಒಳ್ಳೆಯ ತಳಹದಿಯೂ, ಒಳ್ಳೆಯ ಎಂಜಿನ್ನೂ, ಅದನ್ನು ಮೆಚ್ಚುವ ಗ್ರಾಹಕರೂ ಏಕಕಾಲಕ್ಕೆ ಸಿಕ್ಕಿದ್ದರು. ಇವು ಮೂರೂ ಅಕ್ಯುರಾಕ್ಕೆ ಎಂದೂ ಒಟ್ಟಿಗೆ ಸಿಕ್ಕಿರಲಿಲ್ಲ.

ಈ ತಲೆಮಾರಿನ ಕಾರುಗಳನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಳ್ಳಲು ಹೊರಟವರಿಗೆ ನನ್ನ ಅನುಭವದ ಮಾತು ಇಷ್ಟು. ತಂದೆ ತಾಯಿಯನ್ನೂ ಮಕ್ಕಳನ್ನೂ ಕೂರಿಸಿಕೊಂಡು ದೂರ ಹೋಗುವವರು ಇಎಸ್ 350 ನೋಡಬಹುದು. ಒಬ್ಬರೇ ಓಡಿಸುವವರಿಗೆ, ತಿರುವಿನ ರಸ್ತೆ ಹತ್ತಿರವಿರುವವರಿಗೆ, ಜಿ37. ಮ್ಯಾನುವಲ್ ಗೇರಿನ ಮೇಲೆ ಪ್ರೀತಿಯಿದ್ದು ಹಿಂದಿನ ಸೀಟೂ ಬೇಕೆನ್ನುವವರಿಗೆ ಟಿಎಲ್‌ಗಿಂತ ಒಳ್ಳೆಯ ಆಯ್ಕೆ ನನಗೆ ಕಾಣುವುದಿಲ್ಲ. ಆದರೆ ಜಿ37 ಮತ್ತು ಇಎಸ್ 350ಗಳ ಎಂಜಿನ್‌ಗೆ ಒಳಭಾಗಗಳ ಚಲನೆಯನ್ನು ಹೊಂದಿಸುವ ಟೈಮಿಂಗ್ ಚೈನ್ ಇದೆ, ಟಿಎಲ್‌ಗೆ ಇರುವುದು ಬೆಲ್ಟ್. ಒಂದು ಲಕ್ಷ ಮೈಲಿಯ ಆಸುಪಾಸಿನಲ್ಲಿ ಅದನ್ನು ಬದಲಿಸಲೇಬೇಕು. ಬದಲಿಸಿದ್ದಕ್ಕೆ ರಸೀದಿ ತೋರಿಸಲಾಗದ ಮಾಲೀಕರಿಂದ ಟಿಎಲ್ ಕೊಳ್ಳುವುದಾದರೆ, ಆ ಖರ್ಚನ್ನು ಬೆಲೆಯಲ್ಲಿ ಮೊದಲೇ ಕಳೆದು ಮಾತನಾಡಿ.